ಗತಿಸಿದವರ ಕಚೇರಿಗೆ ಹೊಸ ಮೆರುಗು

ಹಳೆಯ ಕಚೇರಿಗಳ ಧ್ವನಿಮುದ್ರಣಗಳನ್ನು ತೊಳೆದು, ತೀಡಿ, ಮೆರುಗಿಟ್ಟು, ‘ಸುಧಾರಿತ’ ಎಂಬ ವಿಶೇಷಣವನ್ನು ಹಚ್ಚಿ ರಸಿಕರ ಕೈಗೆ ಕೊಡುವ ಉದ್ಯೋಗವು ಈಚೆಗೆ ಬಹು ಭರದಿಂದ ಸಾಗಿದೆ. ಹಿಂದೆ ಇದಕ್ಕೆ ದೊಡ್ಡ ಕಾರ್ಯಾಲಯವೂ ನುರಿತ ತಂತ್ರಜ್ಞರೂ ಬೇಕಾಗಿದ್ದರು. ಈಗ ಒಬ್ಬ ಕಾಲೇಜು ಹುಡುಗನೂ ಒಂದು ಗಣಕಯಂತ್ರವೂ ಇದ್ದರೆ ಸಾಕು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಸಂಗೀತದ ರುಚಿಯುಳ್ಳ ಮನೆಗಳಲ್ಲಿ ಅಟ್ಟದ ಮೇಲೋ ಬೀರುವಿನ ಅಡಿಯಲ್ಲೋ ಒಂದು ಪೆಟ್ಟಿಗೆ ಇದ್ದೇ ಇರುತ್ತದೆ. ಅದರಲ್ಲಿ ಹಿರಿಯರು ಕೊಂಡ ಗ್ರಾಮಫೋನು ತಟ್ಟೆಗಳು, ರಾಮನವಮಿಯ ಪೆಂಡಾಲಿನಲ್ಲಿ ಯಾರೋ ಹಿಡಿದ ಟೇಪುಗಳು, ಗಣೇಶೋತ್ಸವದ ಕಚೇರಿಯ ಕ್ಯಾಸೆಟ್ಟುಗಳು. ಪರಸ್ಥಳದಲ್ಲಿ ಉದ್ಯೋಗದಲ್ಲಿರುವ ಮೊಮ್ಮಗನು ಹಬ್ಬಕ್ಕೆ ಬಂದಾಗ ಆ ಪೆಟ್ಟಿಗೆಯನ್ನು ಬಿಚ್ಚುತ್ತಾನೆ. ಎರಡು ದಿನ ಅದರ ಮುಂದೆ ಕುಳಿತು, ಮೂರನೆಯ ದಿನ, “ತಾತ, ಗದ್ದಲವನ್ನೆಲ್ಲ ತೆಗೆದುಬಿಟ್ಟಿದ್ದೇನೆ, ಕೇಳಿ” ಎನ್ನುತ್ತಾನೆ. ತಾತನವರು ಕೇಳುತ್ತಾರೆ, ಸೊಗಸಾಗಿದೆಯಪ್ಪ ಎಂದು ತಲೆದೂಗುತ್ತಾರೆ. ಇನ್ನೊಮ್ಮೆ ಹಾಕು ಎಂದು ಮಾತ್ರ ಹೇಳುವುದಿಲ್ಲ.

ಆ ಗದ್ದಲದ ಜೊತೆಯಲ್ಲಿ ಇನ್ನೇನು ಹೊರಟುಹೋಯಿತು? ಸುಧಾರಕರು ಈ ಪ್ರಶ್ನೆಯನ್ನು ತಾವಾಗಿ ಕೇಳಿಕೊಳ್ಳುವುದು ಅಪರೂಪ. ಆದಕಾರಣ ಅವರ ಪರವಾಗಿ ಇತರರೇ ಕೇಳಬೇಕಾಗಿದೆ.

ಮೈಸೂರು ಸೀಮೆಯ ಕೇಳುಗರಿಗೆ ಚಿರಪರಿಚಿತರಾದ ಪಿಟೀಲು ಚೌಡಯ್ಯನವರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ತಿರುಮಕೂಡಲಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಬಳಿ ಗುರುಕುಲವಾಸ ಮಾಡಿ, ದಕ್ಷಿಣದೇಶದ ಘನವಿದ್ವಾಂಸರಿಗೆಲ್ಲ ಪಕ್ಕವಾದ್ಯ ನುಡಿಸಿ, ೧೯೫೭ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯಿಂದ ಸಂಗೀತ ಕಲಾನಿಧಿ ಬಿರುದನ್ನು ಪಡೆದು, ೧೯೬೭ರ ಜನವರಿ ೧೯ರಂದು ಅವರು ಕಾಲವಾದರು. ಅವರ ಹೆಸರಿನ ಜೊತೆಗೆ ಎಲ್ಲರಿಗೂ ನೆನಪಾಗುವುದು ಏಳು ತಂತಿಯ ಪಿಟೀಲು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ದೊಡ್ಡ ಸಭೆಯ ಹಿಂದಿನ ಸಾಲಿನವರಿಗೆ ನಾಲ್ಕು ತಂತಿಯ ಪಿಟೀಲಿನ ನಾದವು ಸಾಲದೆಂದು ಕಂಡು, ೧೯೨೭ರ ಸುಮಾರಿನಲ್ಲಿ ಅವರು ಇನ್ನೂ ಮೂರು ತಂತಿಗಳನ್ನು ಕೂಡಿಸಿಕೊಂಡರು. ಅಂದಿನ ಸಂಪ್ರದಾಯಸ್ಥರಲ್ಲಿ ಇದನ್ನು ಮೂದಲಿಸಿದವರು ಉಂಟು. ಚೌಡಯ್ಯನವರು ಜಗ್ಗಲಿಲ್ಲ. ಒಂದೇ ಕಮಾನಿನ ಎಳೆತಕ್ಕೆ ಎರಡು ತಂತಿ ಒಟ್ಟಿಗೆ ನುಡಿದಾಗ ಅವೆರಡರ ಶ್ರುತಿ ಕೂದಲೆಳೆಯಷ್ಟಾದರೂ ಬೇರೆಯಾಗಿರುತ್ತದೆ. ಆ ಕೂದಲೆಳೆಯ ಅಂತರದಿಂದಲೇ ನಾದಕ್ಕೆ ಒಂದು ಕಂಪನ, ಒಂದು ದಪ್ಪ, ಒಂದು ತುಂಬು ಬರುತ್ತದೆ. ಅವರ ನಾದವನ್ನು ಕೇಳಿದವರು ಪರದೆಯ ಹಿಂದಿನಿಂದಲೂ ಗುರುತಿಸಬಲ್ಲವರಾಗಿದ್ದರು.

ಈಗ ಈ ನಾದವನ್ನು ಗದ್ದಲ ತೆಗೆಯುವ ಯಂತ್ರದ ಮುಂದೆ ಇಟ್ಟು ನೋಡೋಣ. ಆ ಯಂತ್ರವು ಕೆಲಸ ಮಾಡುವ ಕ್ರಮ ಬಲು ಸರಳ. ಟೇಪಿನಲ್ಲಿ ಸಂಗೀತವಿಲ್ಲದ ಒಂದೆರಡು ಕ್ಷಣವನ್ನು ಅದಕ್ಕೆ ಮಾದರಿಯಾಗಿ ತೋರಿಸುತ್ತಾರೆ. ಆ ಮೌನದಲ್ಲಿರುವ ಸುಯ್ಯೆಂಬ ಸದ್ದಿನ ಲಕ್ಷಣವನ್ನು ಅದು ಅಳೆದುಕೊಂಡು, ಮುದ್ರಣದ ಉದ್ದಕ್ಕೂ ಅದೇ ಲಕ್ಷಣ ಕಂಡೆಡೆಯಲ್ಲೆಲ್ಲ ಅಷ್ಟಷ್ಟನ್ನು ಕಳೆಯುತ್ತ ಹೋಗುತ್ತದೆ. ಟೇಪಿನ ಸುಯ್ಯೆನ್ನುವಿಕೆಗೂ ಕಮಾನಿನ ಕುದುರೆಕೂದಲು ತಂತಿಗೆ ಉಜ್ಜುವಾಗ ಏಳುವ ಸಣ್ಣ ಸದ್ದಿಗೂ ಯಂತ್ರದ ಲೆಕ್ಕದಲ್ಲಿ ಹೆಚ್ಚಿನ ಭೇದವಿಲ್ಲ. ಗಾಯಕನ ಬೆನ್ನ ಹಿಂದೆ ಎಡೆಬಿಡದೆ ಮೀಟುತ್ತಿರುವ ತಂಬೂರಿಯ ಸಣ್ಣ ಝೇಂಕಾರವೂ ಅದಕ್ಕೆ ಅನುಮಾನಾಸ್ಪದವೇ. ಎಡೆಬಿಡದೆ ಇರುವುದೆಲ್ಲ ಗದ್ದಲವೆಂದು ಅದು ಕಲಿತಿರುತ್ತದೆ. ಮೃದಂಗದ ಚಾಪಿನ ಕೊನೆಯ ಕಂಪನ, ಎರಡು ಜೋಡಿತಂತಿಗಳ ನಡುವಿನ ಆ ತೆಳುವಾದ ಉಲಿತ, ಇವೆಲ್ಲ ಒಂದೊಂದಾಗಿ ಸವೆಯುತ್ತವೆ. ಕಡೆಗೆ ಉಳಿಯುವುದು ಒಂದು ಶುಚಿಯಾದ ಪಿಟೀಲು. ಅದು ಏಳು ತಂತಿಯದೋ ನಾಲ್ಕು ತಂತಿಯದೋ ಹೇಳಲಾಗದು. ನಲವತ್ತು ವರ್ಷ ಒಬ್ಬ ವಿದ್ವಾಂಸರು ಹಟಹಿಡಿದು ಸಾಧಿಸಿದ ನಾದವನ್ನು ನಲವತ್ತು ನಿಮಿಷಗಳಲ್ಲಿ ತೊಳೆದು ಹಾಕಿದಂತಾಯಿತು.

ಗದ್ದಲವೆಂದರೆ ಯಾವುದು, ನಾದವೆಂದರೆ ಯಾವುದು ಎಂಬುದನ್ನು ಯಂತ್ರವು ತೀರ್ಮಾನಿಸಲಾರದೆಂಬುದಕ್ಕೆ ಈ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಮ್ಯಾಸಬೇಡರ ದೇವರ ಉತ್ಸವದಲ್ಲಿ ನುಡಿಸುವ ಉರುಮೆಯನ್ನು ಕೇಳಿದವರಿಗೆ ಇದು ಗೊತ್ತು. ಒಂದು ಮುಖವನ್ನು ಬಾಗಿದ ಕೋಲಿನಿಂದ ಉಜ್ಜಿದಾಗ ಹೊರಡುವ ಆ ಗುರುಗುಟ್ಟುವಿಕೆಯೇ ಉರುಮೆಯ ಜೀವ. ಅದರ ಹೆಸರೇ ಅದರಿಂದ ಬಂದಂತೆ ಕೇಳಿಸುತ್ತದೆ. ಗದ್ದಲ ತೆಗೆಯುವ ಯಂತ್ರಕ್ಕೆ ಉರುಮೆಯನ್ನು ಕೊಟ್ಟರೆ ಅದು ವಾದ್ಯವನ್ನು ತೆಗೆದು ಜಾತ್ರೆಯನ್ನು ಉಳಿಸೀತು!

ಇನ್ನು ಸಭೆಯ ವಿಚಾರ. ಬೆಂಗಳೂರಿನಲ್ಲಿ ೧೯೩೯ರಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಕಚೇರಿಗಳು ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದಲ್ಲಿ ನಡೆದುಕೊಂಡು ಬಂದುವೆಂಬುದು ಸರ್ವವಿದಿತವಷ್ಟೆ. ಅಂತಹ ಕಚೇರಿಯ ಟೇಪಿನಲ್ಲಿ ಮಕ್ಕಳ ಅಳು, ಮಡಿಸುವ ಕುರ್ಚಿಯ ಕಿರಕಿರ, ತೊಡೆಯ ಮೇಲೆ ಬೀಳುವ ತಾಳದ ಏಟು, ನಡುವೆ ಒಮ್ಮೆ ಯಾರೋ ಹಿರಿಯರು ತಡೆಯಲಾರದೆ ‘ಭಲೆ!’ ಎಂದ ಉದ್ಗಾರ, ಇವೆಲ್ಲ ಸೇರಿರುತ್ತವೆ. ಸುಧಾರಕರ ಕಣ್ಣಿನಲ್ಲಿ ಇವು ಕಸ. ಆದರೆ ಆ ‘ಭಲೆ’ ಬಿದ್ದ ಮರುಗಳಿಗೆಯಲ್ಲಿ ಗಾಯಕರು ಅದೇ ಸಂಗತಿಯನ್ನು ಇನ್ನೊಂದು ಮಗ್ಗುಲಿನಿಂದ ತೆಗೆದುಕೊಳ್ಳುತ್ತಾರೆ, ಪಿಟೀಲಿನವರು ಅದನ್ನು ಎತ್ತಿಕೊಂಡು ಒಂದು ಮೆಟ್ಟಿಲು ಮೇಲಕ್ಕೆ ಒಯ್ಯುತ್ತಾರೆ. ಉದ್ಗಾರವನ್ನು ಕತ್ತರಿಸಿದರೆ ಆ ಎರಡನೆಯ ಸಂಗತಿ ಏಕೆ ಹುಟ್ಟಿತೆಂಬುದಕ್ಕೆ ಕಾರಣವೇ ಉಳಿಯದು. ಸಭೆಯಿಲ್ಲದೆ ನುಡಿಸಿದ್ದು ಬೇಕಾದರೆ ಅಂದೇ ಗ್ರಾಮಫೋನು ಕಂಪೆನಿಯ ಕೊಠಡಿಯಲ್ಲಿ ಕುಳಿತು ಮೂರು ಮೂರು ನಿಮಿಷದ ತಟ್ಟೆಗಳನ್ನು ಕೊಡುತ್ತಿದ್ದರು; ಕೊಟ್ಟೂ ಇದ್ದಾರೆ. ಕಚೇರಿಯ ಮುದ್ರಣದ ಬೆಲೆ ಇರುವುದೇ ಅದು ಕಚೇರಿಯೆಂಬುದರಲ್ಲಿ.

ಆ ಮೂರು ನಿಮಿಷದ ತಟ್ಟೆಗಳ ವಿಷಯದಲ್ಲಾದರೂ ಕತ್ತರಿ ನಿರ್ದೋಷಿಯೇ ಎಂದರೆ ಹಾಗೂ ಇಲ್ಲ. ೧೯೦೨ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಭಾರತದ ಮೊದಲ ಗ್ರಾಮಫೋನು ಮುದ್ರಣಗಳಿಗಾಗಿ ಹಾಡಿದ ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿ ಮುಂದೆ ಮೈಸೂರಿನ ಅರಮನೆಯ ಆಶ್ರಯವನ್ನು ಪಡೆದು, ೧೯೩೦ರ ಜನವರಿ ೧೭ರಂದು ಮೈಸೂರಿನಲ್ಲಿಯೇ ತೀರಿಕೊಂಡರು. ಹಾಡು ಮುಗಿದ ಕೂಡಲೆ ಆಕೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಸಾರುತ್ತಿದ್ದರು. ತಟ್ಟೆಗಳನ್ನು ಒತ್ತುತ್ತಿದ್ದದ್ದು ಜರ್ಮನಿಯ ಹಾನೋವರಿನಲ್ಲಿ, ಅಲ್ಲಿಯ ಕೆಲಸಗಾರರಿಗೆ ಗುರುತು ಸಿಗಬೇಕಲ್ಲ. ರಾಗಕ್ಕೂ ಈ ಕೂಗಿಗೂ ಯಾವ ಸಂಬಂಧವೂ ಇಲ್ಲ. ಕತ್ತರಿ ಹಿಡಿದವನಿಗೆ ಮೊದಲು ಕಾಣುವ ‘ಕಸ’ ಇದೇ. ಆದರೂ ಗೌಹರ್ ಜಾನ್ ಎಂದರೆ ಇಂದು ಜನ ನೆನೆಯುವುದು ಹಾಡಿನಷ್ಟೇ ಆ ಕೂಗನ್ನು.

ನಾದವು ಹಿಂದಿನ ಸಾಲಿಗೂ ಮುಟ್ಟಲೆಂದು ಚೌಡಯ್ಯನವರು ಬಯಸಿದರಷ್ಟೆ. ಇದೇ ಬಯಕೆಯನ್ನು ಅದರ ಕಟ್ಟಕಡೆಯ ಗಡಿಯವರೆಗೆ ಒಯ್ದ ಸಂಗೀತವೊಂದು ಪಾಶ್ಚಾತ್ಯರಲ್ಲಿದೆ. ಅದಕ್ಕೆ ಹೆವಿ ಮೆಟಲ್ ಎಂದು ಹೆಸರು. ವಿದ್ಯುತ್ ಗಿಟಾರಿನ ಧ್ವನಿಯನ್ನು ಬೇಕೆಂದೇ ಒಡೆದು, ಕರ್ಕಶಗೊಳಿಸಿ, ಮೈದಾನವೇ ಅದುರುವಂತೆ ನುಡಿಸುವ ಈ ಸಂಪ್ರದಾಯವು ನಮ್ಮ ನಾಡಿಗೂ ಅಪರಿಚಿತವಲ್ಲ. ೨೦೧೧ರ ಅಕ್ಟೋಬರ್ ೩೦ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಎಂಬ ಮೇಳದ ಕಚೇರಿಗೆ ಕನ್ನಡದ ಹುಡುಗರು ಸಹಸ್ರ ಸಹಸ್ರವಾಗಿ ಹೋಗಿದ್ದರು. ಸಾತ್ತ್ವಿಕವಾದ ಮನೆಗಳಲ್ಲಿ ಇದನ್ನು ಸಂಗೀತವೆಂದು ಒಪ್ಪಲು ಹಿಂಜರಿಯಬಹುದು. ಒಪ್ಪದಿದ್ದರೂ ಬಾಧಕವಿಲ್ಲ. ಗತಿಸಿದ ವಾದಕನ ಮುದ್ರಣವನ್ನು ಸುಧಾರಿಸ ಹೊರಟರೆ ಏನಾಗುತ್ತದೆಂಬ ಪಾಠವನ್ನು ಅವರು ನಮಗಿಂತ ಮೊದಲೇ ಕಲಿತಿದ್ದಾರೆ, ಕೈ ಸುಟ್ಟುಕೊಂಡು ಕಲಿತಿದ್ದಾರೆ.

ಅಮೆರಿಕದ ರ್‍ಯಾಂಡಿ ರೋಡ್ಸ್ ಎಂಬ ತರುಣನು ಆ ಸಂಪ್ರದಾಯದ ಅಗ್ರಗಣ್ಯ ಗಿಟಾರ್ ವಾದಕರಲ್ಲೊಬ್ಬ. ಆಜಿ ಆಸ್ಬರ್ನ್ ಎಂಬ ಗಾಯಕನ ಮೇಳದಲ್ಲಿ ನುಡಿಸಿ ಲೋಕಪ್ರಸಿದ್ಧನಾಗುತ್ತಿದ್ದಾಗಲೇ ೧೯೮೨ರ ಮಾರ್ಚ್ ೧೯ರಂದು ಫ್ಲಾರಿಡಾದಲ್ಲಿ ಸಣ್ಣ ವಿಮಾನವೊಂದು ಬಿದ್ದು ಮಡಿದನು, ವಯಸ್ಸು ಇಪ್ಪತ್ತೈದು. ಐದು ವರ್ಷಗಳ ತರುವಾಯ, ೧೯೮೭ರಲ್ಲಿ, ಅವನ ಕಚೇರಿಗಳ ಮುದ್ರಣವನ್ನು ‘ಟ್ರಿಬ್ಯೂಟ್’ ಎಂಬ ಹೆಸರಿನಿಂದ ಹೊರತಂದರು. ಅದರ ಕೊನೆಯಲ್ಲಿ ಒಂದು ವಿಶೇಷವಿದೆ. ತನ್ನ ತಾಯಿಗೆಂದು ಅವನು ರಚಿಸಿದ್ದ ಪುಟ್ಟ ಗಿಟಾರ್ ಕೃತಿಯೊಂದನ್ನು ಕೊಠಡಿಯಲ್ಲಿ ಮುದ್ರಿಸುವಾಗ ನಡೆದ ಪ್ರಯತ್ನಗಳನ್ನೂ, ನಡುವೆ ತಪ್ಪಿ ನಿಲ್ಲಿಸಿದ್ದನ್ನೂ, ಅವನು ಆಡಿದ ಮಾತನ್ನೂ ಅಳಿಸದೆ ಹಾಗೆಯೇ ಸೇರಿಸಿದ್ದಾರೆ. ಅಷ್ಟು ಘೋರವಾದ ಸದ್ದಿನ ತಟ್ಟೆಯ ಕೊನೆಯಲ್ಲಿ ಒಬ್ಬ ಸಾಧುಸ್ವಭಾವದ ಹುಡುಗನ ದನಿ! ಅವನ ಅಭಿಮಾನಿಗಳಿಗೆ ಆ ತಪ್ಪುಗಳು ನಿರ್ದುಷ್ಟವಾದ ವಾದನಕ್ಕಿಂತ ಪ್ರಿಯವಾಗಿವೆ.

ಇದು ಒಳ್ಳೆಯ ಪಕ್ಷ. ಕೆಟ್ಟ ಪಕ್ಷವೂ ಅದೇ ವಾದಕನ ಪಾಲಿಗೆ ಬಂದಿತು. ಅವನು ಮೊದಲು ನುಡಿಸುತ್ತಿದ್ದ ಮೇಳದ ಹಳೆಯ ಮುದ್ರಣಗಳನ್ನು ೧೯೯೩ರಲ್ಲಿ ಪ್ರಕಟಿಸಿದಾಗ, ಬದುಕಿದ್ದ ಗಾಯಕನು ತನ್ನ ಹಳೆಯ ಹಾಡಿಕೆಯನ್ನು ತೆಗೆದು ಬಹುಪಾಲು ಹೊಸದಾಗಿ ಹಾಡಿ ಸೇರಿಸಿದನು. ಸತ್ತವನಿಗೆ ಆ ಅವಕಾಶವೆಲ್ಲಿಂದ ಬರಬೇಕು? ೨೦೦೨ರಲ್ಲಿ ಇನ್ನೂ ಹೆಚ್ಚಿನದು ನಡೆಯಿತು. ರೋಡ್ಸ್ ನುಡಿಸಿದ್ದ ೧೯೮೦ ಮತ್ತು ೧೯೮೧ರ ಎರಡು ಪ್ರಸಿದ್ಧ ಆಲ್ಬಮ್ಮುಗಳನ್ನು ಮೆರುಗಿಟ್ಟು ಮತ್ತೆ ಹೊರಡಿಸುವಾಗ, ಅವನ ಜೊತೆಯಲ್ಲಿ ನುಡಿಸಿದ್ದ ಬಾಬ್ ಡೇಸ್ಲಿಯ ಬಾಸ್ ಗಿಟಾರನ್ನೂ ಲೀ ಕೆರ್ಸ್ಲೇಕನ ಡೋಲುಗಳನ್ನೂ ಅಳಿಸಿ, ಬೇರೆ ಇಬ್ಬರಿಂದ ಹೊಸದಾಗಿ ನುಡಿಸಿ ಕೂಡಿಸಿಬಿಟ್ಟರು. ಸಂಭಾವನೆಯ ವಿಷಯದಲ್ಲಿ ಆ ಇಬ್ಬರಿಗೂ ಆಸ್ಬರ್ನನ ಕಡೆಯವರಿಗೂ ವ್ಯಾಜ್ಯವಿತ್ತು. ಇವು ಕಚೇರಿಯ ಮುದ್ರಣಗಳಲ್ಲವೆಂಬುದು ನಿಜ. ಆದರೂ ನಾಲ್ವರು ಒಬ್ಬರ ಮುಖ ಒಬ್ಬರು ನೋಡುತ್ತ ಕಟ್ಟಿದ ಸಂಗೀತವಾಗಿತ್ತು. ಹೊಸ ಆವೃತ್ತಿಯಲ್ಲಿ, ಸತ್ತು ಇಪ್ಪತ್ತು ವರ್ಷವಾದವನು ತಾನೆಂದೂ ಜೊತೆಯಲ್ಲಿ ನುಡಿಸದ ಇಬ್ಬರೊಡನೆ ನುಡಿಸುವಂತಾಯಿತು. ಕೇಳುಗರು ಸಹಿಸಲಿಲ್ಲ. ಕಡೆಗೆ ೨೦೧೧ರಲ್ಲಿ ಮೂಲವಾದನವನ್ನೇ ಪುನಃ ಪ್ರತಿಷ್ಠಾಪಿಸಿ ಪ್ರಕಟಿಸಬೇಕಾಯಿತು. ಮೂಲದ ಟೇಪನ್ನು ಯಾರೋ ಕಾಪಾಡಿದ್ದರು, ಆದ್ದರಿಂದ ಅದು ಸಾಧ್ಯವಾಯಿತು.

ಈ ಪ್ರಸಂಗದಲ್ಲಿ ಗಮನಿಸತಕ್ಕದ್ದೇನೆಂದರೆ, ಸುಧಾರಣೆಯ ಕತ್ತರಿ ಮೊದಲು ಬಿದ್ದದ್ದು ಪಕ್ಕದವರ ಮೇಲೆ. ನಮ್ಮ ಕಚೇರಿಗಳಲ್ಲಿಯೂ ಅದೇ ಆಗುತ್ತದೆ. ಗಾಯಕರ ಕಂಠ ಸ್ಪಷ್ಟವಾಗಬೇಕೆಂದು ಅದನ್ನು ಮುಂದಕ್ಕೆ ಎಳೆಯುತ್ತಾರೆ. ಎಳೆದಷ್ಟೂ ಪಿಟೀಲು, ಮೃದಂಗ, ಘಟಗಳು ಹಿಂದಕ್ಕೆ ಸರಿಯುತ್ತವೆ. ತನಿ ಆವರ್ತನ ದೀರ್ಘವಾಯಿತೆಂದು ಕತ್ತರಿಸುವವರೂ ಉಂಟು! ಚೌಡಯ್ಯನವರ ಬಾಳಿನ ಬಹುಪಾಲು ಕಳೆದದ್ದು ಇನ್ನೊಬ್ಬರ ಪಕ್ಕದಲ್ಲಿ ಕುಳಿತು. ಚೆಂಬೈ ವೈದ್ಯನಾಥ ಭಾಗವತರ ಜೊತೆಗಿನ ಅವರ ಕಚೇರಿಗಳನ್ನು ಕೇಳಿದವರು ಯಾರು ಮುಂದೆ ಯಾರು ಹಿಂದೆ ಎಂದು ಲೆಕ್ಕ ಹಾಕುತ್ತಿರಲಿಲ್ಲ. ೧೯೪೩ರಲ್ಲಿ ಅವರು ‘ವಾಣಿ’ ಎಂಬ ಕನ್ನಡ ಚಿತ್ರವನ್ನು ತೆಗೆದಾಗಲೂ ಅದರಲ್ಲಿ ಚೆಂಬೈಯವರನ್ನು ಹಾಡಿಸಿ ತಾವು ಪಕ್ಕದಲ್ಲಿಯೇ ಕುಳಿತರು. ಅಂತಹವರ ಪಿಟೀಲನ್ನು ಗಾಯಕರ ಕಂಠಕ್ಕೆ ಅಡ್ಡಿಯೆಂದು ಬದಿಗೊತ್ತುವುದು ಯಾವ ಸುಧಾರಣೆ?

ಸುಧಾರಕರ ಪಕ್ಷವನ್ನೂ ಕೇಳಬೇಕು. ಇಂದಿನ ಹುಡುಗರ ಕಿವಿಗೆ ಆ ಕರಕರ ಸದ್ದು ಹಿಡಿಸದು, ಮೆರುಗಿಡದಿದ್ದರೆ ಯಾರೂ ಕೇಳುವುದೇ ಇಲ್ಲ, ಕೇಳದೆ ಹೋದರೆ ವಿದ್ವಾಂಸರ ಹೆಸರೇ ಅಳಿದೀತು ಎಂಬುದು ಅವರ ವಾದ. ಇದರಲ್ಲಿ ಅರ್ಧ ಸತ್ಯವಿದೆ. ದುರಸ್ತಿ ಎಂಬುದೊಂದಿದೆ, ಅದು ಬೇಕೇ ಬೇಕು. ಹಳೆಯ ತಟ್ಟೆಗಳು ನಿಮಿಷಕ್ಕೆ ೭೮ ಸುತ್ತು ಎಂದು ಹೆಸರಾಗಿದ್ದರೂ ಆರಂಭಕಾಲದಲ್ಲಿ ಎಲ್ಲವನ್ನೂ ಅದೇ ವೇಗದಲ್ಲಿ ಮುದ್ರಿಸುತ್ತಿರಲಿಲ್ಲ. ವೇಗ ನೂರಕ್ಕೆ ಆರರಷ್ಟು ಹೆಚ್ಚಿದರೆ ಶ್ರುತಿ ಹತ್ತಿರಹತ್ತಿರ ಒಂದು ಸ್ವರಸ್ಥಾನ ಮೇಲೇರುತ್ತದೆ. ಗಂಭೀರವಾದ ಕಂಠವು ಹುಡುಗನ ಕಂಠವಾಗುತ್ತದೆ, ವಿಳಂಬಕಾಲವು ಮಧ್ಯಮಕಾಲವಾಗುತ್ತದೆ. ಅದನ್ನು ಸರಿಯಾದ ವೇಗಕ್ಕೆ ತಂದು ಕೇಳಿಸುವವನು ಗಾಯಕರಿಗೆ ನ್ಯಾಯವನ್ನೇ ಮಾಡುತ್ತಾನೆ. ತಟ್ಟೆಯ ಗೀರಿನಿಂದ ಹೊರಡುವ ಟಕ್ ಎಂಬ ಸದ್ದು ಸಭೆಯಲ್ಲಿ ಇರಲಿಲ್ಲ. ಅದನ್ನು ತೆಗೆದರೆ ನಷ್ಟವಿಲ್ಲ. ಸಭೆಯಲ್ಲಿ ಇದ್ದದ್ದನ್ನು ತೆಗೆಯಬಾರದು, ಸಭೆಯಲ್ಲಿ ಇಲ್ಲದ್ದನ್ನು ಕೂಡಿಸಬಾರದು. ಗೆರೆ ಇಷ್ಟು ಸ್ಪಷ್ಟವಾಗಿದೆ.

ಆ ಗೆರೆಯನ್ನು ದಾಟಿದರೆ ಎಲ್ಲಿ ನಿಲ್ಲುವುದೆಂದು ಹೇಳುವವರಿಲ್ಲ. ಭೂಗರ್ಭದಲ್ಲಿ ಎಣ್ಣೆಯನ್ನು ಹುಡುಕುವ ಗಣಿತದಲ್ಲಿ ಪಳಗಿದ ಆಂಡಿ ಹಿಲ್ಡೆಬ್ರಾಂಡ್ ಎಂಬಾತನು ೧೯೯೭ರಲ್ಲಿ ‘ಆಟೋ ಟ್ಯೂನ್’ ಎಂಬ ಉಪಾಯವನ್ನು ಹೊರತಂದನು. ಸ್ವರವು ಜಾರಿದರೆ ಅದನ್ನು ಹತ್ತಿರದ ಸ್ವರಸ್ಥಾನಕ್ಕೆ ಎಳೆದು ಕೂರಿಸುವುದೇ ಅದರ ಕೆಲಸ. ಪಾಶ್ಚಾತ್ಯರ ಮೆಟ್ಟಿಲು ಸ್ವರಗಳಿಗೆ ಅದು ಒಗ್ಗೀತು. ತೋಡಿಯ ಗಾಂಧಾರವನ್ನು ಅದರ ಕೈಗೆ ಕೊಟ್ಟರೆ? ಗಮಕವೆಂಬುದೇ ಸ್ವರವು ಸ್ವರದಿಂದ ಜಾರುವ ವಿದ್ಯೆ. ಯಂತ್ರದ ಲೆಕ್ಕದಲ್ಲಿ ಅದು ಆದ್ಯಂತವಾಗಿ ಅಪಶ್ರುತಿ. ವಯಸ್ಸಾದ ವಿದ್ವಾಂಸರ ಕಂಠದ ನಡುಕವನ್ನು ನಿವಾರಿಸುವೆನೆಂದು ಹೊರಟವನು ಅವರ ತೋಡಿಯನ್ನೇ ನಿವಾರಿಸಿಯಾನು.

ಹೋಗಲಿ, ಈಗ ಗತಿಸಿದವರ ಕಂಠದಿಂದ ಹೊಸ ಹಾಡನ್ನೇ ಹಾಡಿಸಬಹುದಾಗಿದೆ. ೨೦೨೪ರಲ್ಲಿ ಎ. ಆರ್. ರೆಹಮಾನರು ತಮಿಳು ಚಿತ್ರವೊಂದರ ಹಾಡಿಗೆ ದಿವಂಗತರಾದ ಇಬ್ಬರು ಗಾಯಕರ ಕಂಠವನ್ನು ಯಂತ್ರದಿಂದ ಕಟ್ಟಿ ಬಳಸಿದರು. ಕುಟುಂಬದವರ ಅನುಮತಿಯನ್ನು ಪಡೆದು ಸಂಭಾವನೆಯನ್ನೂ ಕೊಟ್ಟುದಾಗಿ ಬಹಿರಂಗವಾಗಿ ತಿಳಿಸಿದರು. ೨೦೨೩ರಲ್ಲಿ ಇಂಗ್ಲೆಂಡಿನ ಬೀಟಲ್ಸ್ ಮೇಳದವರು ಜಾನ್ ಲೆನನ್ ಎಂದೋ ಮನೆಯಲ್ಲಿ ಪಿಯಾನೋ ನುಡಿಸಿಕೊಂಡು ಹಾಡಿದ್ದ ಕ್ಯಾಸೆಟ್ಟಿನಿಂದ ಅವರ ಕಂಠವನ್ನು ಮಾತ್ರ ಬಿಡಿಸಿ ತೆಗೆದು ಹಾಡೊಂದನ್ನು ಪೂರೈಸಿದರು. ೧೯೯೫ರಲ್ಲಿ ಅದೇ ಪ್ರಯತ್ನಕ್ಕೆ ಕೈಹಾಕಿ, ಸಾಧ್ಯವಾಗದೆಂದು ಬಿಟ್ಟಿದ್ದರು. ಅಲ್ಲಿ ಲೆನನ್ನರ ಜೊತೆಗಾರರೇ ಕುಳಿತು ಕೆಲಸ ಮಾಡಿದರು, ಅವರ ಪತ್ನಿಯ ಸಮ್ಮತಿ ಇತ್ತು, ಮಾಡಿದ್ದೇನೆಂಬುದನ್ನು ಲೋಕಕ್ಕೆಲ್ಲ ಹೇಳಿದರು. ನಮ್ಮ ಸುಧಾರಕರಲ್ಲಿ ಇಷ್ಟನ್ನು ಮಾಡುವವರು ಎಷ್ಟು ಮಂದಿ? ವಿದ್ವಾಂಸರು ಬದುಕಿದ್ದಿದ್ದರೆ ಅವರೇ ಒಪ್ಪುತ್ತಿದ್ದರು ಎಂಬ ಒಂದೇ ಮಾತಿನಿಂದ ಅನುಮತಿಯ ಪ್ರಶ್ನೆಯನ್ನು ಮುಗಿಸಿಬಿಡುತ್ತಾರೆ. ಪಿಟೀಲಿಗೆ ಮೂರು ತಂತಿ ಕೂಡಿಸಿದ್ದಕ್ಕೆ ಮೂದಲಿಕೆಯನ್ನು ಸಹಿಸಿಯೂ ತಮ್ಮ ನಾದವನ್ನು ಬಿಟ್ಟುಕೊಡದವರು ಇದಕ್ಕೆ ಒಪ್ಪುತ್ತಿದ್ದರೆಂದು ನಂಬಲು ಏನು ಆಧಾರ?

ಚಿತ್ರದುರ್ಗದ ಓದುಗರಿಗೆ ಇಲ್ಲಿ ತ. ರಾ. ಸುಬ್ಬರಾಯರ ‘ಹಂಸಗೀತೆ’ ನೆನಪಾಗದೆ ಇರದು. ಹದಿನೆಂಟನೆಯ ಶತಮಾನದ ದುರ್ಗದ ಗಾಯಕ ಭೈರವಿ ವೆಂಕಟಸುಬ್ಬಯ್ಯನ ಕಥೆ ಅದು. ದೊರೆಯ ಬಲವಂತಕ್ಕೆ ಹಾಡುವುದಕ್ಕಿಂತ ನಾಲಗೆಯನ್ನು ನೀಗಿಕೊಳ್ಳುವುದೇ ಮೇಲೆಂದು ಬಗೆದವನು ಆ ಗಾಯಕ. ೧೯೭೫ರಲ್ಲಿ ಜಿ. ವಿ. ಅಯ್ಯರ್ ಅದನ್ನು ಚಲನಚಿತ್ರವಾಗಿಸಿದಾಗ ಬಾಲಮುರಳಿಕೃಷ್ಣರು ಅದಕ್ಕೆ ಕಂಠವಿತ್ತರು. ವೆಂಕಟಸುಬ್ಬಯ್ಯನ ಭೈರವಿಯ ಒಂದು ಸ್ವರವೂ ಯಾವ ತಟ್ಟೆಯಲ್ಲಿಯೂ ಇಲ್ಲ. ಕಾದಂಬರಿಯಲ್ಲಿ ಅವನ ಗಾನವನ್ನು ಜನರ ಬಾಯಿಮಾತಿನಿಂದ ಊಹಿಸಿಕೊಳ್ಳಬೇಕು. ಹಾಗೆ ಊಹಿಸಿಕೊಳ್ಳುವ ಪುಣ್ಯವಾದರೂ ಇದೆ. ಮೆರುಗಿಟ್ಟ ಮುದ್ರಣವನ್ನು ಕೇಳುವವನಿಗೆ ಅದೂ ಇಲ್ಲ. ತಾನು ಕೇಳುತ್ತಿರುವುದೇ ಮೂಲವೆಂದು ಅವನು ನಂಬಿ ಕುಳಿತಿರುತ್ತಾನೆ.

ಮನೆಗಳಲ್ಲಿ ಈಗ ನಡೆಯುತ್ತಿರುವ ನಿಜವಾದ ಅನಾಹುತ ಇನ್ನೊಂದಿದೆ. ಮೊಮ್ಮಗನು ಟೇಪನ್ನು ಗಣಕಯಂತ್ರಕ್ಕೆ ಇಳಿಸಿ, ತೊಳೆದು, ಎಲ್ಲರ ಫೋನಿಗೂ ಕಳುಹಿಸಿದ ಮೇಲೆ ಹಳೆಯ ಪೆಟ್ಟಿಗೆ ಯಾರಿಗೂ ಬೇಡವಾಗುತ್ತದೆ. ದೀಪಾವಳಿಯ ಸುಣ್ಣಬಣ್ಣದ ವೇಳೆಗೆ ಅದು ಹಳೇ ಸಾಮಾನು ಕೊಳ್ಳುವವನ ಗಾಡಿಗೆ ಏರುತ್ತದೆ. ಮುಂದೆ ಇದಕ್ಕಿಂತ ವಿವೇಕವುಳ್ಳ ಯಂತ್ರ ಬಂದು, ತಂಬೂರಿಯನ್ನೂ ಟೇಪಿನ ಸದ್ದನ್ನೂ ಬೇರ್ಪಡಿಸಿ ತಿಳಿಯಬಲ್ಲುದಾದರೂ, ಅದರ ಮುಂದೆ ಇಡಲು ಏನೂ ಉಳಿದಿರುವುದಿಲ್ಲ. ಲೆನನ್ನರ ಕ್ಯಾಸೆಟ್ಟನ್ನು ೧೯೯೫ರಲ್ಲಿ ‘ಸುಧಾರಿಸಿ’ ಮೂಲವನ್ನು ಎಸೆದಿದ್ದರೆ ೨೦೨೩ರ ಹಾಡು ಎಲ್ಲಿರುತ್ತಿತ್ತು?

ಆದ್ದರಿಂದ ಜಿಲ್ಲೆಯ ಸಂಗೀತಸಭೆಗಳೂ, ಉತ್ಸವಸಮಿತಿಗಳೂ, ಮುದ್ರಣಗಳನ್ನು ಮಾರುವವರೂ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಸುಧಾರಿತ ಪ್ರತಿಯ ಜೊತೆಗೆ ಸುಧಾರಿಸದ ಪ್ರತಿಯನ್ನೂ ಕೇಳುಗರಿಗೆ ದೊರಕಿಸಲಿ. ಏನನ್ನು ತೆಗೆದರು, ಏನನ್ನು ಕೂಡಿಸಿದರು, ಯಾರು ಮಾಡಿದರು, ಯಾವ ವರ್ಷದಲ್ಲಿ ಎಂಬ ನಾಲ್ಕು ಸಾಲನ್ನು ಹೊದಿಕೆಯ ಮೇಲೆ ಅಚ್ಚುಹಾಕಿಸಲಿ. ಪಕ್ಕವಾದ್ಯದವರ ಹೆಸರುಗಳನ್ನು ಗಾಯಕರ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಹಾಕಿಸಿದರೆ ಇನ್ನೂ ಒಳ್ಳೆಯದು.

ಮನೆಯವರಿಗೆ ಇನ್ನೂ ಸುಲಭ. ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ತುದಿಗೂ ಒಂದೊಂದು ಪುಟ್ಟ ಹಲ್ಲಿರುತ್ತದೆ. ಅವೆರಡನ್ನೂ ಮುರಿದುಬಿಟ್ಟರೆ ಅದರ ಮೇಲೆ ಯಾರೂ ತಿಳಿಯದೆ ಮತ್ತೊಂದನ್ನು ಮುದ್ರಿಸಲಾಗದು. ಕಚೇರಿಯ ಊರು, ತಿಥಿ, ನುಡಿಸಿದವರ ಹೆಸರುಗಳನ್ನು ಚೀಟಿಯ ಮೇಲೆ ಬರೆದು ಒಳಗಿಟ್ಟು, ಒಲೆಯ ಬಿಸಿಯೂ ಸೂರಿನ ತೇವವೂ ತಟ್ಟದ ಕಡೆ ನಿಲ್ಲಿಸಿಡುವುದು. ಕೇಳುವಾಗ ಸುಯ್ಯೆನ್ನುತ್ತದೆ. ಎರಡು ಕೃತಿ ಮುಗಿಯುವಷ್ಟರಲ್ಲಿ ಕಿವಿಗೆ ಅದು ಕೇಳಿಸುವುದು ನಿಂತುಹೋಗುತ್ತದೆ.